ತೂಗುಹೊರೆಯ ಕೆಳಗಿನ ನೆಲ

ಹೆಲಿಕಾಪ್ಟರ್ ಎಂದೊಡನೆ ಗುಮ್ಮಘಟ್ಟ, ರಾಯದುರ್ಗ, ಮಡಕಶಿರಾ ಕಡೆಯ ಜನರಿಗೆ ನೆನಪಾಗುವುದು ಚುನಾವಣಾ ಸಭೆಗಳು. ಆದರೆ 2021ರ ನವೆಂಬರ್ 19ರಂದು ಚಿತ್ರಾವತಿಯ ಪ್ರವಾಹದಲ್ಲಿ ಸಿಕ್ಕಿಕೊಂಡಿದ್ದ ಹತ್ತು ಮಂದಿಯನ್ನು ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಪಾರುಮಾಡಿದಾಗ, ಈ ಯಂತ್ರ ನಮ್ಮ ಬಾಳಿಗೂ ಎಷ್ಟು ಹತ್ತಿರದ್ದೆಂಬುದು ಮನವರಿಕೆಯಾಯಿತು. ಮರುವರ್ಷದ ಫೆಬ್ರುವರಿಯಲ್ಲಿ ನಂದಿಬೆಟ್ಟದ ಕಡಿದಾದ ಬಂಡೆಯಿಂದ ಜಾರಿಬಿದ್ದ ವಿದ್ಯಾರ್ಥಿಯೊಬ್ಬನನ್ನು ಅಂಥದೇ ಹೆಲಿಕಾಪ್ಟರ್ ಮೇಲೆತ್ತಿ ಉಳಿಸಿತು. ಇಳಿಯಲು ಅಂಗೈಯಗಲದ ಸಮನೆಲವೂ ಇಲ್ಲದ ಕಡೆಯಲ್ಲಿ, ಆಕಾಶದಲ್ಲಿ ನಿಂತು, ಹಗ್ಗ ಇಳಿಬಿಟ್ಟು ಕೆಲಸ ಮಾಡುವ ಈ ವಿದ್ಯೆಯ ಬಗ್ಗೆ ನಾಲ್ಕು ಮಾತು ಹೇಳುವುದು ಈ ವಾರದ ಉದ್ದೇಶ.

ಯಂತ್ರದ ಹೊಟ್ಟೆಯೊಳಗೆ ಹಿಡಿಸದ ವಸ್ತುವನ್ನು ಅದರ ಕೆಳಗಿನ ಕೊಕ್ಕೆಗೆ ಕಟ್ಟಿ ಸಾಗಿಸುವುದುಂಟು. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡು ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ಬಾಂಬಿ ಬಕೆಟ್ ಎಂಬ ದೊಡ್ಡ ನೀರಿನ ಚೀಲವನ್ನು ಹೀಗೆಯೇ ತೂಗುಹಾಕಿಕೊಂಡು ಬೆಂಕಿಯ ಮೇಲೆ ನೀರು ಸುರಿದವು. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. ಮೂರೂವರೆ ಸಾವಿರ ಲೀಟರಿನ ಚೀಲ ತುಂಬಿತೆಂದರೆ ಮೂರೂವರೆ ಟನ್ ಭಾರ ಹಗ್ಗದ ತುದಿಯಲ್ಲಿ ತೂಗಾಡುತ್ತಿರುತ್ತದೆ.

ಬಯಲಿನಲ್ಲಿಯೇ ಕಷ್ಟವಾದ ಈ ಕೆಲಸ ಬೆಟ್ಟದಲ್ಲಿ ಇಮ್ಮಡಿ ಕಷ್ಟ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಬಿಸಿಲು ಏರಿದಂತೆ ಇನ್ನಷ್ಟು ತೆಳುವಾಗುತ್ತದೆ. ಬೆಳಗಿನ ತಂಪಿನಲ್ಲಿ ಎತ್ತಬಹುದಾದ ಹೊರೆಯನ್ನು ನಡುಹಗಲಿನಲ್ಲಿ ಅದೇ ಯಂತ್ರ ಎತ್ತಲಾರದೆ ಹೋಗಬಹುದು. ಗುಡ್ಡದ ಒಂದು ಮಗ್ಗುಲಲ್ಲಿ ಮೇಲೇರುವ ಗಾಳಿ ಇನ್ನೊಂದು ಮಗ್ಗುಲಲ್ಲಿ ಕೆಳಗೆ ಒತ್ತುತ್ತದೆ. ಹೊರೆ ಉಯ್ಯಾಲೆಯಂತೆ ಆಡತೊಡಗಿದರೆ ಯಂತ್ರವೇ ಅದರ ಹಿಂದೆ ಎಳೆದಾಡುತ್ತದೆ. ಭಾರವಾದ ಹೊರೆಗಿಂತ ಬರಿದಾದ, ಹಗುರವಾದ ಹೊರೆ ಗಾಳಿಗೆ ಹೆಚ್ಚು ಹಾರಾಡಿ ಬಾಲದ ರೆಕ್ಕೆಗೆ ತಾಗುವ ಭಯವೂ ಉಂಟು.

ಇಂಥ ವೇಳೆಗೆಂದೇ ಚಾಲಕನ ಕೈಯಳತೆಯಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಕೊಕ್ಕೆ ತೆರೆದುಕೊಂಡು ಹೊರೆ ಕಳಚಿ ಬೀಳುತ್ತದೆ. 2024ರ ಆಗಸ್ಟ್ 31ರಂದು ಕೇದಾರನಾಥದ ಬಳಿ ನಡೆದದ್ದು ಇದೇ. ಅಲ್ಲಿ ಕೆಟ್ಟು ನಿಂತಿದ್ದ ಖಾಸಗಿ ಹೆಲಿಕಾಪ್ಟರೊಂದನ್ನು ದುರಸ್ತಿಗೆಂದು ಎಂಐ-17 ತನ್ನ ಕೆಳಗೆ ಕಟ್ಟಿಕೊಂಡು ಗೌಚರಕ್ಕೆ ಹೊರಟಿತ್ತು. ಹೊರೆಯ ಭಾರಕ್ಕೂ ಗಾಳಿಯ ಹೊಡೆತಕ್ಕೂ ಸಮತೋಲ ತಪ್ಪತೊಡಗಿದಾಗ ಚಾಲಕರು ಹೊರೆಯನ್ನು ಕಳಚಿಬಿಟ್ಟರು. ಅದು ಕಣಿವೆಗೆ ಬಿದ್ದು ನುಚ್ಚುನೂರಾಯಿತು, ಯಾರಿಗೂ ಗಾಯವಾಗಲಿಲ್ಲ.

ಚಾಲಕರ ನಿರ್ಧಾರ ಸರಿಯಾದದ್ದೇ. ಆದರೆ ವಕೀಲನ ಕಣ್ಣಿಗೆ ಇಲ್ಲಿ ಬೇರೊಂದು ಸಂಗತಿ ಕಾಣುತ್ತದೆ. ಆ ಗುಂಡಿ ಅಪಾಯವನ್ನು ಇಲ್ಲವಾಗಿಸುವುದಿಲ್ಲ. ಮೇಲಿದ್ದವರಿಂದ ಕೆಳಗಿದ್ದವರಿಗೆ ವರ್ಗಾಯಿಸುತ್ತದೆ. ಕೆಳಗೆ ಯಾರೂ ಇಲ್ಲದಿದ್ದರೆ ಮಾತ್ರ ಅದು ರಕ್ಷಣೆ. ಕುರಿಹಟ್ಟಿಯೋ ಶಾಲೆಯೋ ಇದ್ದರೆ ಅದೇ ದುರಂತ. ಆದ್ದರಿಂದ ತೂಗುಹೊರೆಯ ಸುರಕ್ಷತೆ ಆಕಾಶದಲ್ಲಿ ನಿರ್ಧಾರವಾಗುವುದಿಲ್ಲ, ಹಾರುವ ಮೊದಲು ದಾರಿಯನ್ನು ಆರಿಸುವಾಗ ನಿರ್ಧಾರವಾಗುತ್ತದೆ.

ಕಾನೂನು ಏನೆನ್ನುತ್ತದೆ? 1934ರ ವಿಮಾನ ಕಾಯ್ದೆಯ ಸ್ಥಾನಕ್ಕೆ ಭಾರತೀಯ ವಾಯುಯಾನ ಅಧಿನಿಯಮ, 2024 ಬಂದು, 2025ರ ಜನವರಿ 1ರಿಂದ ಜಾರಿಯಲ್ಲಿದೆ. ಹಳೆಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಯುಕ್ತವಾದ ಎತ್ತರದಲ್ಲಿ ವಿಮಾನ ಹಾರಿತೆಂಬ ಮಾತ್ರಕ್ಕೆ ನೆಲದ ಒಡೆಯನು ಅತಿಕ್ರಮಣವೆಂದಾಗಲಿ ಉಪದ್ರವವೆಂದಾಗಲಿ ದಾವೆ ಹೂಡುವಂತಿರಲಿಲ್ಲ. ಇದನ್ನು ಓದಿ, ಮೇಲಿನಿಂದ ಬಿದ್ದುದಕ್ಕೂ ಕೇಳುವವರಿಲ್ಲವೆಂದು ತಿಳಿಯಬಾರದು. ಆ ಕಲಮು ಹಾರಾಟಕ್ಕೆ ರಕ್ಷಣೆ ಕೊಟ್ಟಿತೇ ಹೊರತು ಅಜಾಗರೂಕತೆಗೆ ಕೊಡಲಿಲ್ಲ. ಜನರಿಗೆ, ಆಸ್ತಿಗೆ ಅಪಾಯವಾಗುವಂತೆ ಬೇಕೆಂದೇ ಹಾರಿಸುವುದನ್ನು ಅದೇ ಕಾಯ್ದೆ ಅಪರಾಧವೆಂದು ಕರೆದಿತ್ತು. ಸೇನೆಯ ವಿಮಾನಗಳನ್ನು ಮಾತ್ರ ಅದು ಬಹುಮಟ್ಟಿಗೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಅವುಗಳ ಹಾರಾಟಕ್ಕೆ ಸೇನೆಯದೇ ನಿಯಮಗಳು. ನಷ್ಟವಾದ ಮೇಲೆ ಪರಿಹಾರದ ದಾವೆ ಹೂಡಬಹುದು, ನಿಜ. ಆದರೆ ಸತ್ತವನ ಮನೆಯವರು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತುವುದಕ್ಕಿಂತ, ಅಂದು ಆ ದಾರಿಯ ಕೆಳಗೆ ಯಾರೂ ಇಲ್ಲದಂತೆ ನೋಡಿಕೊಳ್ಳುವುದೇ ದೊಡ್ಡ ನ್ಯಾಯ.

ನಮ್ಮ ಸೀಮೆಯ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳಿವೆ, ಹೊಲಗಳ ಮೇಲೆ ವಿದ್ಯುತ್ ತಂತಿಗಳಿವೆ. ಆಕಾಶದಿಂದ ತೆಳ್ಳನೆಯ ತಂತಿ ಕಾಣುವುದು ಬಹು ಕಷ್ಟ. ನಾಳೆ ಪ್ರವಾಹಕ್ಕೋ ಕಾಳ್ಗಿಚ್ಚಿಗೋ ಹೆಲಿಕಾಪ್ಟರ್ ಬಂದರೆ, ತಂತಿ ಎಲ್ಲಿದೆ, ಕುರಿಗಳು ಎಲ್ಲಿ ಮೇಯುತ್ತಿವೆ ಎಂದು ಹೇಳಬಲ್ಲವರು ಊರಿನವರೇ. ತಹಸೀಲ್ದಾರರೂ ಪೊಲೀಸರೂ ಅವರನ್ನು ಮೊದಲೇ ಕೇಳಿಕೊಳ್ಳಬೇಕು. ಹಾದಿಯ ಕೆಳಗಿನ ಜನರನ್ನು ತೆರವುಮಾಡಿಸಬೇಕು.

ಓದುಗರೂ ಕೆಲವು ಮಾತು ನೆನಪಿಡಬೇಕು. ತೂಗುವ ಹೊರೆಯ ಕೆಳಗೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯಬಾರದು. ರೆಕ್ಕೆಯ ಗಾಳಿಗೆ ತಗಡು, ಕಲ್ಲು, ಟಾರ್ಪಾಲು ಹಾರುತ್ತವೆ, ಮಕ್ಕಳನ್ನು ದೂರವಿಡಬೇಕು. ಇಳಿದು ಬಂದ ಕೊಕ್ಕೆಯನ್ನು ಅವಸರದಿಂದ ಮುಟ್ಟಬಾರದು. ಹಾರುವ ಯಂತ್ರದಲ್ಲಿ ಶೇಖರವಾದ ವಿದ್ಯುತ್ತು ಮೈಗೆ ಹೊಡೆಯುತ್ತದೆ. ನೆರವಿಗೆ ಬಂದವರಿಗೆ ನಾವು ಮೊದಲು ಕೊಡಬಹುದಾದ ನೆರವೆಂದರೆ ತೆರವಾದ ನೆಲ.