ಹಮಾಲನ ಕೆಲಸ ಸೊನ್ನೆಯೆ?

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಭೌತಶಾಸ್ತ್ರವನ್ನು ಕುರಿತು ಬರೆಯಹೊರಟರೆ ಮಿತ್ರರು ನಗುವುದು ಸಹಜವೇ. ನಮ್ಮ ವೇಳಾಪಟ್ಟಿಯಲ್ಲಿ ಆ ಶಾಸ್ತ್ರಕ್ಕೆ ಒಂದು ತಾಸೂ ಇಲ್ಲ. ಪ್ರಯೋಗಶಾಲೆಯ ಗಾಳಿಯೂ ನಮಗೆ ಸೋಂಕಿಲ್ಲ. ಆದರೂ ಈ ವಿಷಯದಲ್ಲಿ ನನ್ನದೊಂದು ಅಭಿಪ್ರಾಯವಿದೆ; ಅದನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡಬಯಸುತ್ತೇನೆ. ಭೌತಶಾಸ್ತ್ರದ ಮೊದಲ ಪಾಠದಲ್ಲಿ ಹುಟ್ಟುವ ಪ್ರಶ್ನೆಗಳನ್ನು ನಾವೆಲ್ಲ ‘ಬಾಲಿಶ’ ಎಂದು ಬದಿಗೆ ಸರಿಸಿಬಿಟ್ಟಿದ್ದೇವೆ. ಅವು ಬಾಲಿಶವಲ್ಲ. ಉತ್ತರ ಹೇಳುವವರು ಕಡಿಮೆಯಾದುದರಿಂದ ಅವಕ್ಕೆ ಆ ಹೆಸರು ಬಂದಿದೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುವ ಹಿರಿಯರೊಬ್ಬರು ನಮ್ಮ ಓಣಿಯಲ್ಲಿದ್ದಾರೆ. ಅವರ ಮಗ ಶಾಲೆಯಲ್ಲಿ ‘ಕೆಲಸ’ ಎಂಬ ಪಾಠ ಕಲಿತು ಬಂದ. ವಸ್ತುವಿನ ಮೇಲೆ ಹಾಕಿದ ಬಲವನ್ನು, ಆ ಬಲದ ದಿಕ್ಕಿನಲ್ಲಿ ವಸ್ತು ಸರಿದ ದೂರದಿಂದ ಗುಣಿಸಿದರೆ ಬರುವುದು ಕೆಲಸ. ತಲೆಯ ಮೇಲೆ ಹೊರೆ ಹೊತ್ತು ಸಮನೆಲದಲ್ಲಿ ಒಂದೇ ವೇಗದಿಂದ ನಡೆದರೆ, ಹೊರೆಯನ್ನು ಎತ್ತಿಹಿಡಿದ ಬಲ ಮೇಲ್ಮುಖ, ಚಲನೆ ಅಡ್ಡ. ಆದುದರಿಂದ ಕೆಲಸ ಸೊನ್ನೆ. ಹುಡುಗ ಇದನ್ನು ಗಟ್ಟಿಯಾಗಿ ಓದುತ್ತಿದ್ದುದನ್ನು ಕೇಳಿದ ತಂದೆ ನನ್ನನ್ನು ಕರೆದು, “ತಮ್ಮಾ, ನೀ ಕಾಲೇಜು ಕಲಿಯಾಂವ. ಹೊತ್ತು ಮುಳುಗೂತನಾ ನಾ ಚೀಲಾ ಹೊತ್ತರ ನಿಮ್ಮ ಪುಸ್ತಕದಾಗ ನನ್ನ ಕೆಲಸ ಸೊನ್ನಿ ಅಂತಲ್ಲ? ಹಂಗಾರ ಈ ಬೆವರು ಯಾರ ಲೆಕ್ಕಕ್ಕ?” ಎಂದು ಕೇಳಿದರು. “ಕಾಕಾ, ಅದು ಪುಸ್ತಕದ ಮಾತು, ಬಿಡ್ರಿ” ಎಂದು ಜಾರಿಕೊಳ್ಳಬಹುದಾಗಿತ್ತು. ಆದರೆ ಮಗನು ತಂದೆಯ ದುಡಿಮೆಯನ್ನು ಸೊನ್ನೆ ಎಂದು ಬರೆದು ಅಂಕ ಪಡೆಯುವ ಪ್ರಸಂಗವಿದು, ಜಾರಿಕೊಳ್ಳುವಂಥದಲ್ಲ.

ಲೆಕ್ಕ ಮಾಡಿ ನೋಡೋಣ. ಚೀಲದ ತೂಕ ೪೦ ಕಿಲೋ ಎಂದಿಟ್ಟುಕೊಳ್ಳಿ. ನೆಲದಿಂದ ತಲೆಯವರೆಗೆ ಒಂದೂವರೆ ಮೀಟರು. ೪೦ನ್ನು ೯.೮ರಿಂದಲೂ ಒಂದೂವರೆಯಿಂದಲೂ ಗುಣಿಸಿದರೆ ೫೮೮ ಜೂಲು. ದಿನಕ್ಕೆ ೨೦೦ ಚೀಲ ಎತ್ತಿದರೂ ಅದು ಸುಮಾರು ೨೮ ಕಿಲೊಕ್ಯಾಲೊರಿ ಮಾತ್ರ, ಅಂದರೆ ಎಂಟೊಂಬತ್ತು ಗ್ರಾಮು ಜೋಳದಲ್ಲಿರುವಷ್ಟು ಶಕ್ತಿ. ಒಂದು ಹಿಡಿ ಜೋಳವೂ ಬೇಡ! ಆದರೆ ಹಮಾಲನು ಒಂದು ಹೊತ್ತಿಗೆ ನಾಲ್ಕು ರೊಟ್ಟಿ ಉಂಡರೂ ಸಂಜೆಗೆ ದಣಿದು ಕೂಡುತ್ತಾನೆ. ಉಳಿದ ಶಕ್ತಿ ಎಲ್ಲಿ ಹೋಯಿತು?

ಪ್ರಶ್ನೆಯ ಗಂಟು ಬಿಚ್ಚುವುದು ಇಲ್ಲಿ. ಕಲ್ಲುಕಂಬ ಮಾಳಿಗೆಯನ್ನು ನೂರು ವರ್ಷ ಹೊತ್ತರೂ ಅದಕ್ಕೆ ಊಟ ಬೇಡ. ಮನುಷ್ಯನ ಸ್ನಾಯು ಕಂಬವಲ್ಲ. ಭಾರ ಅಲುಗದೆ ನಿಂತಿದ್ದರೂ ಅದರೊಳಗಿನ ಸೂಕ್ಷ್ಮ ಎಳೆಗಳು ಕ್ಷಣಕ್ಷಣಕ್ಕೂ ಹಿಡಿಯುತ್ತ, ಬಿಡುತ್ತ, ಮತ್ತೆ ಹಿಡಿಯುತ್ತ ಇರಬೇಕಾಗುತ್ತದೆ. ಪ್ರತಿ ಹಿಡಿತಕ್ಕೂ ಅನ್ನದಿಂದ ಬಂದ ಶಕ್ತಿ ವೆಚ್ಚವಾಗಿ ಶಾಖವಾಗುತ್ತದೆ. ಎತ್ತುವಾಗಲೂ ಸ್ನಾಯು ವೆಚ್ಚ ಮಾಡಿದ ಶಕ್ತಿಯಲ್ಲಿ ಕಾಲು ಪಾಲಿಗಿಂತ ಹೆಚ್ಚು ಚೀಲಕ್ಕೆ ಸಲ್ಲುವುದಿಲ್ಲ. ಬಗ್ಗಿ ಏಳುವಾಗ ತನ್ನ ಮೈಯನ್ನೂ ಎತ್ತಬೇಕು. ನಡೆಯುವಾಗ ಹೆಜ್ಜೆಹೆಜ್ಜೆಗೂ ಆ ಮೈ ಹೊರೆಯೊಡನೆ ತುಸು ಏರಿ ಇಳಿಯುತ್ತದೆ. ಆ ಶಾಖವನ್ನು ಹೊರಹಾಕುವುದಕ್ಕೇ ಬೆವರು. ಪುಸ್ತಕದ ಸೊನ್ನೆ ಸಲ್ಲುವುದು ಚೀಲಕ್ಕೆ, ಕಾಕಾನಿಗಲ್ಲ. ಚೀಲಕ್ಕೆ ಏನು ಸೇರಿತು ಎಂಬುದು ಒಂದು ಲೆಕ್ಕ. ಹೊತ್ತವನಿಂದ ಏನು ಹೋಯಿತು ಎಂಬುದು ಮತ್ತೊಂದು. ಈ ಎರಡು ಮಾತನ್ನು ಪಾಠದ ಕೆಳಗೆ ಸೇರಿಸಲು ಐದು ಸಾಲು ಸಾಕು.

ಕೆಲವರು, “ಇದೆಲ್ಲ ಕನ್ನಡದ ದೋಷ, ಇಂಗ್ಲಿಷಿನಲ್ಲಿ ಕಲಿತರೆ ಈ ಗೊಂದಲವಿರದು” ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ‘ವರ್ಕ್’ ಎಂಬುದೂ ಇಂಗ್ಲಿಷರ ಬಾಯಿಯಲ್ಲಿ ದಿನದ ದುಡಿಮೆಯ ಮಾತೇ. ‘ಫೋರ್ಸ್’, ‘ಪವರ್’ಗಳ ಪಾಡೂ ಅಷ್ಟೆ. ಅವರ ಮಕ್ಕಳಿಗೂ ಈ ಗೊಂದಲ ಉಂಟು. ನಮಗೆ ಆ ಶಬ್ದಗಳು ಪರಕೀಯವಾದುದರಿಂದ ಗೊಂದಲವೇ ಕಾಣುವುದಿಲ್ಲ, ಕೇಳುವುದಕ್ಕೂ ಬಾಯಿ ಬರುವುದಿಲ್ಲ. ‘ಕೆಲಸ’ ಎಂಬ ಶಬ್ದವಿದ್ದುದರಿಂದಲೇ ಹಮಾಲನು ಶಾಸ್ತ್ರವನ್ನು ತಡೆದು ನಿಲ್ಲಿಸಿ ಪ್ರಶ್ನೆ ಕೇಳಬಲ್ಲವನಾದ. ಬಲ, ಶಕ್ತಿ, ಸಾಮರ್ಥ್ಯ ಇವು ಮೂರೂ ಗರಡಿಮನೆಯಲ್ಲಿ ಒಂದೇ, ಪಾಠದಲ್ಲಿ ಮೂರು ಎಂಬುದನ್ನು ಬಾಯಿಬಿಟ್ಟು ಹೇಳಿದರಾಯಿತು. ‘ರಾಶಿ’ಯನ್ನೇ ತೆಗೆದುಕೊಳ್ಳಿ. ನಮ್ಮ ಕಡೆಯ ರೈತನಿಗೆ ರಾಶಿ ಎಂದರೆ ಕಣದಲ್ಲಿ ಕಾಣುವ ಕಾಳಿನ ಗುಡ್ಡೆ. ಒಂದು ವಸ್ತುವಿನಲ್ಲಿ ಎಷ್ಟು ದ್ರವ್ಯವಿದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಮಾತು ಯಾವ ಭಾಷೆಯಲ್ಲಿದೆಯೋ ನಾನರಿಯೆ. (‘ಜವ’, ‘ವೇಗೋತ್ಕರ್ಷ’ಗಳ ವಿಷಯದಲ್ಲಿ ನನಗೆ ಇಷ್ಟು ಉತ್ಸಾಹವಿಲ್ಲ.)

ರಾಶಿಗೂ ತೂಕಕ್ಕೂ ಇರುವ ಭೇದವೂ ಪೇಟೆಯಲ್ಲೇ ಸಿಕ್ಕುತ್ತದೆ. ಹಳೆಯ ತಕ್ಕಡಿ ಎರಡು ರಾಶಿಗಳನ್ನು ಹೋಲಿಸುತ್ತದೆ. ಈಗಿನ ವಿದ್ಯುನ್ಮಾನ ಕಾಟಾ, ಭೂಮಿ ಚೀಲವನ್ನು ಎಷ್ಟು ಬಲದಿಂದ ಎಳೆಯುತ್ತದೆಂಬುದನ್ನು ಅಳೆದು ಕಿಲೋ ಎಂದು ತೋರಿಸುತ್ತದೆ. ೨೦೨೩ರಲ್ಲಿ ನಮ್ಮ ಚಂದ್ರಯಾನ-೩ ಇಳಿದ ನೆಲಕ್ಕೆ ಅದೇ ೪೦ ಕಿಲೋ ಚೀಲವನ್ನು ಒಯ್ದರೆ ಕಾಟಾ ಏಳು ಕಿಲೋವನ್ನೂ ತೋರಿಸದು. ತಕ್ಕಡಿ ಮಾತ್ರ ೪೦ ಎಂದೇ ಹೇಳುವುದು. ಇನ್ನು ರಾಣೇಬೆನ್ನೂರಿನ ಹುಡುಗರು ಎಲ್ಲರನ್ನೂ ಕಾಡುವ ಪ್ರಶ್ನೆ: ಒಂದು ಕಿಲೋ ಹತ್ತಿ ಭಾರವೋ, ಒಂದು ಕಿಲೋ ಕಬ್ಬಿಣ ಭಾರವೋ? “ಎರಡೂ ಒಂದೇ” ಎಂದು ನಕ್ಕು ಮುಗಿಸುತ್ತೇವೆ. ನಗು ತುಸು ಅವಸರದ್ದು. ನೀರು ದೋಣಿಯನ್ನು ಎತ್ತುವಂತೆ ಗಾಳಿಯೂ ವಸ್ತುಗಳನ್ನು ಕಿಂಚಿತ್ತು ಎತ್ತುತ್ತದೆ. ಹೆಚ್ಚು ಜಾಗ ಹಿಡಿಯುವ ಹತ್ತಿಯನ್ನು ಹೆಚ್ಚು ಎತ್ತುತ್ತದೆ. ಆದಕಾರಣ ಗಾಳಿಯಲ್ಲಿ ತಕ್ಕಡಿ ಸಮನಾಗಿ ನಿಂತಾಗ ಹತ್ತಿಯ ರಾಶಿಯೇ ಅರ್ಧ ಗ್ರಾಮಿಗಿಂತ ತುಸು ಹೆಚ್ಚಿರುತ್ತದೆ. ದಡ್ಡಪ್ರಶ್ನೆ ಎಂದವರು ಗಾಳಿಯನ್ನೇ ಮರೆತಿದ್ದರು.

ಮೆಣಸಿನಕಾಯಿಯ ಊರಿನವರು ಕೇಳಬೇಕಾದ ಇನ್ನೊಂದು ಪ್ರಶ್ನೆ: ಖಾರ ತಿಂದಾಗ ಬಾಯಿ ‘ಉರಿಯುತ್ತದೆ’, ಹಾಗಾದರೆ ಬಾಯಿಯ ತಾಪ ಏರಿತೆ? ಹಾಗಲ್ಲ. ಸುಮಾರು ೪೩ ಡಿಗ್ರಿಗಿಂತ ಹೆಚ್ಚಿನ ಬಿಸಿ ತಗಲಿದಾಗ ಎಚ್ಚರಗೊಳ್ಳುವ ನರದ ಬಾಗಿಲೊಂದನ್ನು ಕಾಯಿಯ ಖಾರ ಬಿಸಿಯಿಲ್ಲದೆಯೇ ತೆರೆದುಬಿಡುತ್ತದೆ. ಆ ಬಾಗಿಲನ್ನು ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಪ್ರಕಟಿಸಿದ್ದು ೧೯೯೭ರಲ್ಲಿ, ನಮ್ಮ ಹಾವೇರಿ ಜಿಲ್ಲೆಯಾದ ವರ್ಷದಲ್ಲಿ. ಜೂಲಿಯಸ್ಸರಿಗೆ ನೊಬೆಲ್ ಪಾರಿತೋಷಕದ ಪಾಲು ಬಂದದ್ದು ೨೦೨೧ರಲ್ಲಿ. ಬಣ್ಣಕ್ಕೆ ಹೆಸರಾದ, ಖಾರ ಕಡಿಮೆಯಾದ ಬ್ಯಾಡಗಿ ಕಾಯಿ ಆ ಬಾಗಿಲನ್ನು ಮೆಲ್ಲಗೆ ತಟ್ಟುತ್ತದೆ ಎನ್ನಬಹುದು.

ಇಂಥ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಹೇಳುವುದು ಹೊಸ ಸಾಹಸವೇನಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ೧೯೧೮ರಲ್ಲೇ ‘ವಿಜ್ಞಾನ’ ಎಂಬ ಮಾಸಪತ್ರಿಕೆಗೆ ಕೈಹಾಕಿದರು. ಕಾಲೇಜನ್ನು ನಡುವೆ ಬಿಟ್ಟ ಶಿವರಾಮ ಕಾರಂತರು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದರು. ಭೌತಶಾಸ್ತ್ರದ ಪ್ರಾಧ್ಯಾಪಕ ಎಚ್. ನರಸಿಂಹಯ್ಯನವರು ೧೯೬೨ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ನಮಗೆ ಅಷ್ಟೆಲ್ಲ ಬೇಡ. ತಿಂಗಳಿಗೊಂದು ಶನಿವಾರ, ಪರೀಕ್ಷೆಯ ಭಯವಿಲ್ಲದ ಒಂದು ತಾಸು. ಊರಿನ ಪ್ರೌಢಶಾಲೆಯ ವಿಜ್ಞಾನದ ಮಾಸ್ತರರೊಬ್ಬರನ್ನು ಕರೆಯೋಣ. ಪ್ರಶ್ನೆಗಳನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಹಾಕೋಣ. ಉತ್ತರಗಳಿಗೆ ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಎರಡು ಪುಟ ಕೊಡಬೇಕೆಂದು ಸಂಪಾದಕ ಮಂಡಳಿಯಲ್ಲಿ ನನ್ನ ವಿನಂತಿ.

ಮೊದಲ ಚೀಟಿ ಸಿದ್ಧವಾಗಿದೆ. ಕಾಕಾ ಹೇಳಿದ್ದನ್ನು ಅವರ ಮಗನೇ ಬರೆದುಕೊಟ್ಟಿದ್ದಾನೆ. ಚೀಲವನ್ನು ಮೆಲ್ಲಗೆ ಇಳಿಸುವಾಗ ಹಮಾಲನು ಮಾಡಿದ್ದು ಋಣ ಕೆಲಸವೆಂದು ಪುಸ್ತಕ ಹೇಳುತ್ತದೆ. ಹಾಗಾದರೆ ಎತ್ತುವಾಗ ಹೋದ ಶಕ್ತಿ ಇಳಿಸುವಾಗ ಮೈಗೆ ಮರಳಿ ಬರಬೇಕಲ್ಲ, ಯಾಕೆ ಬರುವುದಿಲ್ಲ?