ಲಿನಕ್ಸ್ ಆಟಕ್ಕೆ ಕ್ಲೌಡಿನ ಹಂಗೇಕೆ?

ಗೂಗಲ್ 2019ರ ನವೆಂಬರಿನಲ್ಲಿ ಸ್ಟೇಡಿಯಾ ಎಂಬ ಕ್ಲೌಡ್ ಗೇಮಿಂಗ್ ಸೇವೆ ಶುರು ಮಾಡಿದಾಗ ಲಿನಕ್ಸ್ ಬಳಗಕ್ಕೆ ಹಬ್ಬವೋ ಹಬ್ಬ. ಅದರ ಸರ್ವರುಗಳಲ್ಲಿ ಇದ್ದದ್ದು ಡೆಬಿಯನ್ ಲಿನಕ್ಸ್, ಚಿತ್ರ ಮೂಡಿಸುತ್ತಿದ್ದದ್ದು ವಲ್ಕನ್. ದೊಡ್ಡ ಕಂಪನಿಗಳು ಹೇಗೂ ತಮ್ಮ ಆಟಗಳನ್ನು ಲಿನಕ್ಸಿಗೆ ಒಗ್ಗಿಸಲೇಬೇಕು, ನಾಳೆ ಅವು ನಮ್ಮ ಮೇಜಿಗೂ ಬಂದಾವು ಎಂಬ ಲೆಕ್ಕಾಚಾರ. ಬರಲಿಲ್ಲ. ಒಗ್ಗಿಸಿದ ಬಹುಪಾಲು ಆಟಗಳು ಗೂಗಲಿನ ಸರ್ವರುಗಳೊಳಗೇ ಉಳಿದವು. 2023ರ ಜನವರಿ 18ರಂದು ಅಂಗಡಿಯೇ ಬಾಗಿಲು ಹಾಕಿತು. (ಆಟ ಕೊಂಡವರಿಗೆ ದುಡ್ಡು ವಾಪಸು ಕೊಟ್ಟರು, ಅಷ್ಟು ಮರ್ಯಾದೆ ಉಳಿಸಿಕೊಂಡರು.) ನಿಜವಾದ ಕೆಲಸ ನಡೆದದ್ದು ಬೇರೆ ಕಡೆ. ವಾಲ್ವ್ ಕಂಪನಿ 2018ರಲ್ಲಿ ತಂದ ಪ್ರೋಟಾನ್, ವಿಂಡೋಸ್ ಆಟದ ಡೈರೆಕ್ಟ್‌ಎಕ್ಸ್ ಆದೇಶಗಳನ್ನು ಆಟ ನಡೆಯುತ್ತಿರುವಾಗಲೇ ವಲ್ಕನ್ನಿಗೆ ತಿರುಗಿಸುತ್ತದೆ. ಆಟ ಬರೆದವರು ಸಾಮಾನ್ಯವಾಗಿ ಏನನ್ನೂ ಬದಲಿಸಬೇಕಿಲ್ಲ. ವಾಲ್ವ್ 2022ರಲ್ಲಿ ತಂದ ಕೈಯಲ್ಲಿ ಹಿಡಿದು ಆಡುವ ಯಂತ್ರ ಸ್ಟೀಮ್ ಡೆಕ್ ನಿಂತಿರುವುದೇ ಪ್ರೋಟಾನಿನ ಮೇಲೆ. ಉಳಿದ ತೊಡಕು ಮೋಸದಾಟ ತಡೆಯುವ ತಂತ್ರಾಂಶದ್ದು. ಫೋರ್ಟ್‌ನೈಟ್, ವ್ಯಾಲರಂಟ್ ಅದೇ ಕಾರಣ ಹೇಳಿ ಲಿನಕ್ಸನ್ನು ಹೊಸಿಲಾಚೆ ನಿಲ್ಲಿಸಿವೆ. ಇಲ್ಲಿ ಮಾತ್ರ ಕ್ಲೌಡ್ ಕೈಹಿಡಿಯುತ್ತದೆ: ಎನ್‌ವಿಡಿಯಾದ ಜಿಫೋರ್ಸ್ ನೌ ಮೂಲಕ ಲಿನಕ್ಸ್ ಬ್ರೌಸರಿನಲ್ಲೂ ಫೋರ್ಟ್‌ನೈಟ್ ಆಡಬಹುದು. ಆದರೆ ಆಗ ಆಟ ನಡೆಯುವುದು ಎಲ್ಲೋ ಇರುವ ವಿಂಡೋಸ್ ಯಂತ್ರದಲ್ಲಿ. ನಮ್ಮ ಲಿನಕ್ಸ್ ಬರೀ ಪರದೆ. ಮೇಲಾಗಿ ದುಡ್ಡು ಕೊಟ್ಟವರಿಗೂ ತಿಂಗಳಿಗೆ 100 ಗಂಟೆಯ ಮಿತಿ. ಇದನ್ನು ಲಿನಕ್ಸ್ ಗೇಮಿಂಗಿನ ಭವಿಷ್ಯ ಎನ್ನಲು ನನಗಂತೂ ಬಾಯಿ ಬಾರದು. ಚಂದಾ ಕಟ್ಟುವ ಮುನ್ನ ನಿಮಗೆ ಬೇಕಾದ ಆಟ ಪ್ರೋಟಾನಿನಲ್ಲೇ ಓಡುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ.