ಘಟ್ಟದ ನೀರು, ಅಳಿವೆಯ ಹಸಿರು

ವಯನಾಡಿಗೆ ಕಡಲಿಲ್ಲ. ಆದರೆ ಕಡಲಿನ ಮೀನೂ ಕಲ್ಲುಮ್ಮಕಾಯಿಯೂ ಘಟ್ಟ ಹತ್ತಿ ನಮ್ಮ ಸಂತೆಗೆ ಬರುತ್ತವೆ. ನಮ್ಮ ನೀರೂ ಘಟ್ಟವಿಳಿದು ಕಡಲಿಗೆ ಹೋಗುತ್ತದೆ. ಹೆಚ್ಚಿನ ಪಾಲು ಕಬಿನಿಯಾಗಿ ಮೂಡಲಿಗೆ ಹರಿಯುವುದು ನಿಜ. ಆದರೂ ಪಡುವಣ ಇಳಿಜಾರಿನ ಅನೇಕ ತೊರೆಗಳು ಚಾಲಿಯಾರ್ ನದಿಯನ್ನು ಸೇರಿ ಬೇಪೂರಿನಲ್ಲಿ ಸಮುದ್ರ ಮುಟ್ಟುತ್ತವೆ. ಈ ದಾರಿ ಎಷ್ಟು ನೇರವಾದುದೆಂಬುದನ್ನು 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದಾಗ ನಾವೆಲ್ಲ ದುಃಖದಿಂದ ಕಂಡೆವು. ಆದುದರಿಂದ ಅಳಿವೆಯ ಸಂಗತಿ ನಮ್ಮದಲ್ಲವೆಂದು ಹೇಳುವಂತಿಲ್ಲ.

ಸಿಹಿನೀರೂ ಉಪ್ಪುನೀರೂ ಬೆರೆಯುವ ಅಳಿವೆಯಲ್ಲಿ ಬರಿಗಣ್ಣಿಗೆ ಕಾಣದ ಸಸ್ಯಗಳು ತೇಲುತ್ತಿರುತ್ತವೆ. ಇವಕ್ಕೆ ಸಸ್ಯಪ್ಲವಕಗಳೆಂದು ಹೆಸರು. ದನಕ್ಕೆ ಹುಲ್ಲಿನಂತೆ ಮೀನುಮರಿಗೂ ಮರುವಾಯಿಗೂ ಇವು ಮೇವು. ಹುಲ್ಲುಗಾವಲಿನಲ್ಲಿ ವಿಷದ ಗಿಡ ಹುಟ್ಟುವಂತೆ ಇವುಗಳಲ್ಲಿಯೂ ಕೆಲವು ವಿಷಜಾತಿಗಳುಂಟು. ನೀರು ಸೋಸಿ ತಿನ್ನುವ ಮರುವಾಯಿ ಆ ವಿಷವನ್ನು ತನ್ನ ಮಾಂಸದಲ್ಲಿ ಕೂಡಿಡುತ್ತದೆ. ತಿಂದವರ ತುಟಿ, ಬೆರಳುಗಳು ಮೊದಲು ಜೋಮು ಹಿಡಿಯುತ್ತವೆ. ಹೆಚ್ಚಾದರೆ ಉಸಿರೇ ನಿಲ್ಲುತ್ತದೆ. ಎಷ್ಟು ಬೇಯಿಸಿದರೂ ಈ ವಿಷ ಹೋಗದು.

ಇದು ಬರಿಯ ಪುಸ್ತಕದ ಮಾತಲ್ಲ. 1983ರಲ್ಲಿ ನಮ್ಮ ಗಡಿನಾಡಿನ ಕುಂಬಳೆ ಅಳಿವೆಯ ಮರುವಾಯಿ ತಿಂದು ಹಲವರು ಆಸ್ಪತ್ರೆ ಸೇರಿದರು. ಒಬ್ಬ ಹುಡುಗ ತೀರಿಕೊಂಡ. 1997ರಲ್ಲಿ ತಿರುವನಂತಪುರದ ಬಳಿಯ ವಿಳಿಂಜಂನಲ್ಲಿ ಕಲ್ಲುಮ್ಮಕಾಯಿ ತಿಂದು 7 ಮಂದಿ ಸತ್ತರು. 500ಕ್ಕೂ ಹೆಚ್ಚು ಮಂದಿ ಆಸ್ಪತ್ರೆಗೆ ಹೋದರು. ಎರಡು ಕಡೆಯೂ ಮನುಷ್ಯರು ಬಿದ್ದ ಮೇಲೆ ನೀರಿನ ವಿಚಾರಣೆ ನಡೆಯಿತು.

ಕ್ರಮ ತಲೆಕೆಳಗಾಗಬೇಕು. ಗೊತ್ತಾದ ಸ್ಥಳದಲ್ಲಿ, ಗೊತ್ತಾದ ದಿನದಲ್ಲಿ, ಭರತ ಇಳಿತಗಳನ್ನು ಗುರುತಿಸಿ ಬಾಟ್ಲಿಯಲ್ಲಿ ನೀರು ತುಂಬಬೇಕು, ಉಪ್ಪಿನಂಶ ಅಳೆಯಬೇಕು, ಅಯೋಡಿನ್ ದ್ರಾವಣ ಹಾಕಿ ಕೆಡದಂತಿಟ್ಟು, ತಳಕ್ಕೆ ಇಳಿದುದನ್ನು ಸೂಕ್ಷ್ಮದರ್ಶಕದಲ್ಲಿ ಜಾತಿವಾರು ಎಣಿಸಬೇಕು. ಜತೆಗೆ ಮರುವಾಯಿಯ ಮಾಂಸವನ್ನೂ ಪರೀಕ್ಷಿಸಬೇಕು. 100 ಗ್ರಾಮಿನಲ್ಲಿ 80 ಮೈಕ್ರೋಗ್ರಾಮ್ ವಿಷ ಮೀರಿದರೆ ಮಾರಬಾರದೆಂಬುದು ಅನೇಕ ದೇಶಗಳು ಒಪ್ಪಿದ ಮಿತಿ. ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಉಪಗ್ರಹದಿಂದ ಕಡಲಿನ ಬಣ್ಣ ನೋಡಿ ಪಾಚಿಯ ಮಾಹಿತಿ ಕೊಡುತ್ತಿರುವುದು ಮೆಚ್ಚತಕ್ಕದ್ದು. ಆದರೆ ಇಕ್ಕಟ್ಟಾದ ಅಳಿವೆಯ ಮೂಲೆಮೂಲೆ ಆಕಾಶದ ಕಣ್ಣಿಗೆ ನಿಲುಕದು. ನೀರು ಕೆಂಪಾಗದೆಯೂ ವಿಷವಿರಬಹುದು. ಅಲ್ಲಿ ಬಾಟ್ಲಿಯೇ ಬೇಕು.

ಹದಿನೈದು ದಿನಕ್ಕೊಮ್ಮೆ ಪ್ರತಿ ಅಳಿವೆಯ ನೀರು ನೋಡಿ, ಫಲಿತಾಂಶವನ್ನು ಮಲೆಯಾಳದಲ್ಲಿಯೂ ಕನ್ನಡದಲ್ಲಿಯೂ ಮೀನುಕಟ್ಟೆಯ ಹಲಗೆಗೆ ಅಂಟಿಸಬೇಕೆಂಬುದು ನಮ್ಮ ಬೇಡಿಕೆ. ಕಡತದಲ್ಲಿ ಮಲಗಿದ ಎಣಿಕೆ ಯಾರ ಪ್ರಾಣವನ್ನೂ ಉಳಿಸದು.

ನಮ್ಮ ಪಾಲಿನ ಕೆಲಸವೂ ಇದೆ. ಪಾಚಿ ಹೆಚ್ಚುವುದಕ್ಕೆ ಕಾರಣ ಹಲವು. ಎಲ್ಲ ದೋಷವನ್ನೂ ರೈತನ ಗೊಬ್ಬರದ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ಶುಂಠಿಯ ಪಾತಿಯಿಂದಲೂ ಕಾಫಿಯ ತೋಟದಿಂದಲೂ ತೊಳೆದುಹೋದ ಸಾರಜನಕ, ರಂಜಕಗಳು ಕೆಳಗೆ ಪಾಚಿಗೂ ಗೊಬ್ಬರವೇ. ಜಡಿಮಳೆಯ ಮುನ್ನಾದಿನ ಗೊಬ್ಬರ ಎರಚದಿರೋಣ, ಕಂತುಗಳಲ್ಲಿ ಕೊಡೋಣ, ತೊರೆಯಂಚಿನ ಹುಲ್ಲುಪಟ್ಟಿಯನ್ನು ಕೆತ್ತದೆ ಬಿಡೋಣ. ಇದರಿಂದ ನಮ್ಮ ಹಣವೂ ಉಳಿಯುವುದು, ಕೆಳಗಿನವರ ನೀರೂ ಉಳಿಯುವುದು.